ಮೊಣಕೈ ಮಾಸ್ಟರ್

ಮುಂಬಯಿಯಲ್ಲಿ ಮೂವತ್ತು ವರ್ಷ ಬಾಳಿಯೂ ಒಬ್ಬನೇ ಒಬ್ಬ ಮನುಷ್ಯನ ಮುಖವನ್ನು ನೆಟ್ಟಗೆ ನೋಡದವರು ಯಾರಾದರೂ ಇದ್ದರೆ ಅವರು ನಮ್ಮ ಮಾಸ್ಟರ್! ಅವರ ಕಣ್ಣು ಎದುರಿಗಿದ್ದವರ ಹೆಗಲಿನಿಂದ ಮೇಲಕ್ಕೆ ಏರುತ್ತಲೇ ಇರಲಿಲ್ಲ. ಹೆಗಲಿನಿಂದ ಶುರುವಾಗಿ, ತೋಳಿನಗುಂಟ ಇಳಿದು, ಮೊಣಕೈಗೆ ಬಂದು ನಿಂತುಬಿಡುತ್ತಿತ್ತು. ಬೈಕುಲ್ಲಾ ಸ್ಟೇಶನ್ನಿನಲ್ಲಿ ಎದುರಾದರೆ ನಿಮ್ಮ ಹೆಸರು ಅವರಿಗೆ ಹೊಳೆಯುತ್ತಿರಲಿಲ್ಲ. ಆದರೆ "ಎಡಗೈ ಮೊಣಕೈ ಮ್ಯಾಲೆ ಸುಟ್ಟ ಕಲೆ ಇದ್ದವ್ರು ಹೌದಲ್ರೀ?" ಎಂದು ಪ್ರೀತಿಯಿಂದ ಕೇಳುತ್ತಿದ್ದರು. ಪೊಲೀಸರಿಗೆ ಇಂಥವರೊಬ್ಬರು ಸಿಕ್ಕಿದ್ದರೆ ಬೆರಳಚ್ಚಿನ ಇಲಾಖೆಯನ್ನೇ ಮುಚ್ಚಿಬಿಡಬಹುದಿತ್ತು.

ಕಸುಬಿನಿಂದ ಅವರು ದರ್ಜಿ. ಊರು ಬಾಗಲಕೋಟೆ ಕಡೆ. ಬೈಕುಲ್ಲಾದ ತರಕಾರಿ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಒಂದೇ ಮಷಿನ್ನಿನ ಅಂಗಡಿ. ಅಲ್ಲಿ ಕತ್ತರಿಸುವವರೂ ಅವರೇ, ಹೊಲಿಯುವವರೂ ಅವರೇ, ಹೊತ್ತಿಗೆ ಸರಿಯಾಗಿ ಕೊಡದೆ ಗಿರಾಕಿಗಳಿಂದ ಬೈಸಿಕೊಳ್ಳುವವರೂ ಅವರೇ. ಮನೆಯಲ್ಲಿ ದಖನಿ ಉರ್ದು, ಗಿರಾಕಿಗಳ ಜೊತೆ ಹಿಂದಿ, ನಮ್ಮಂಥ ಊರ ಕಡೆಯವರು ಸಿಕ್ಕರೆ ಸೊಗಸಾದ ಕನ್ನಡ. ಇಷ್ಟೇ ಆಗಿದ್ದರೆ ಅವರ ಬಗ್ಗೆ ಬರೆಯುವ ಕರ್ಮ ನನಗೇಕೆ ಬರುತ್ತಿತ್ತು? ಅವರು ಭಾನುವಾರ ಬಂತೆಂದರೆ ಮಷಿನ್ನಿಗೆ ಬಟ್ಟೆ ಹೊದಿಸಿ, ತಾವೇ ಹೊಲಿದುಕೊಂಡ ಬಿಳಿ ಕೋಟು ತೊಟ್ಟು, ಕ್ರಿಕೆಟ್ ಅಂಪೈರ್ ಆಗಿಬಿಡುತ್ತಿದ್ದರು!

ಕ್ರಿಕೆಟ್ ಗೊತ್ತಿಲ್ಲದ ಪುಣ್ಯವಂತರಿಗಾಗಿ ಎರಡು ಮಾತು ಹೇಳಬೇಕು. ಬೌಲ್ ಮಾಡುವವನು ಕೈ ಬೀಸಿ ಚೆಂಡು ಬಿಡಬೇಕು. ಮೊಣಕೈಯನ್ನು ಮಡಚಿ, ಬಿಡುವ ಗಳಿಗೆಯಲ್ಲಿ ಫಟ್ಟನೆ ಬಿಚ್ಚಿ, ಮಾವಿನಕಾಯಿಗೆ ಕಲ್ಲು ಹೊಡೆದಂತೆ ಒಗೆಯಬಾರದು. ಒಗೆದರೆ ಅದು ಚಕ್ಕಿಂಗ್, ಒಗೆದವನು ಚಕ್ಕರ್. ಇದನ್ನು ಹಿಡಿಯಬೇಕಾದವರು ಇಬ್ಬರು ಅಂಪೈರುಗಳು. ಒಬ್ಬ ಬೌಲ್ ಮಾಡುವವನ ಕಡೆಯ ವಿಕೆಟ್ಟಿನ ಹಿಂದೆ ಇರುತ್ತಾನೆ. ಇನ್ನೊಬ್ಬ ಸ್ಕ್ವೇರ್ ಲೆಗ್ ಎಂಬ ಪಕ್ಕದ ಜಾಗದಲ್ಲಿ, ಬೇರೆಯವರ ಜಗಳ ನೋಡಲು ಬಂದವನ ಹಾಗೆ ದೂರದಲ್ಲಿ ನಿಂತಿರುತ್ತಾನೆ. ಮೊಣಕೈ ಚೆನ್ನಾಗಿ ಕಾಣುವುದು ಆ ಪಕ್ಕದವನಿಗೇ. ಆತ "ನೋ ಬಾಲ್" ಎಂದು ಕೂಗಿ ಕೈಯನ್ನು ಅಡ್ಡಕ್ಕೆ ಚಾಚಿದರೆ ಮುಗಿಯಿತು, ಆ ಬಾಲಿಗೆ ವಿಕೆಟ್ ಬಿದ್ದರೂ ಬಿದ್ದಂತಲ್ಲ. ಆದರೆ ಕೂಗುವವರು ಯಾರು? ಕೂಗಿದರೆ ಒಬ್ಬನ ಹೆಸರು ಕೆಡುತ್ತದೆ, ಅವನ ಕ್ಲಬ್ಬಿನವರು ಮೈಮೇಲೆ ಬರುತ್ತಾರೆ, ಆಮೇಲೆ ರಿಪೋರ್ಟು, ಕಮಿಟಿ, ವಿಚಾರಣೆ. ಯಾಕೆ ಬೇಕು ಉಸಾಬರಿ ಎಂದು ಉಳಿದ ಅಂಪೈರುಗಳೆಲ್ಲ ಆ ಗಳಿಗೆಗೆ ಸರಿಯಾಗಿ ಆಕಾಶದ ಮೋಡ ನೋಡುತ್ತಿದ್ದರು. ನಮ್ಮ ಮಾಸ್ಟರ್ ಮಾತ್ರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಿಂತು, ಹೊಟ್ಟೆಯಾಳದಿಂದ ಕೂಗುತ್ತಿದ್ದರು.

ಮೈದಾನದಲ್ಲಿ ಕೂಗಿದರೆ ಕೂಗಲಿ, ಅದು ಅವರ ಕೆಲಸ. ಮೈದಾನದ ಹೊರಗೆ? ಅಲ್ಲೇ ನೋಡಿ ನಮ್ಮ ಗ್ರಹಚಾರ! ಬೆಳಿಗ್ಗೆ ಅಂಗಡಿ ತೆಗೆಯುವ ಮುನ್ನ ಅವರು ಮಾರ್ಕೆಟ್ಟಿನ ಬಾಗಿಲಲ್ಲಿ ಹತ್ತು ನಿಮಿಷ ನಿಲ್ಲುತ್ತಿದ್ದರು. ಲಾರಿಯ ಮೇಲಿದ್ದ ಹಮಾಲರು ಕುಂಬಳಕಾಯಿ ಎಸೆಯುವುದು, ಕೆಳಗಿದ್ದವರು ಹಿಡಿಯುವುದು ನಡೆದಿರುತ್ತಿತ್ತು. ಒಂದು ದಿನ ನನ್ನನ್ನೂ ಹಿಡಿದು ನಿಲ್ಲಿಸಿಕೊಂಡರು.

"ಆ ಕೆಂಪು ರುಮಾಲಿನವ್ನ ನೋಡು ತಮ್ಮಾ, ಕೈ ಎಷ್ಟ್ ಸಾಫ್ ಐತಿ! ಈ ಕಡೀ ಲಾರಿಯವ ಪೂರಾ ಚಕ್ಕರ್."

"ಮಾಸ್ಟರ್, ಅವ್ರು ಕುಂಬಳಕಾಯಿ ಒಗೀಲಿಕ್ಕೇ ನಿಂತಾರ್ರೀ!"

"ಒಗೀಲಿ, ಯಾರು ಬ್ಯಾಡಂದ್ರು? ಆದ್ರ ಓಡಿ ಬಂದು ಒಗದ್ರ ನಾ ಬಿಡಾಂವಲ್ಲ."

ಮನೆಯಲ್ಲೂ ಇದೇ ಕಥೆ. ಅವರ ಹೆಂಡತಿಯನ್ನು ನಾನು ಚಾಚಿ ಎನ್ನುತ್ತಿದ್ದೆ. ಚಾಚಿ ಜೋಳದ ರೊಟ್ಟಿ ತಟ್ಟಿ, ಎರಡೂ ಕೈಯಲ್ಲಿ ಎತ್ತಿ ಹಂಚಿನ ಮೇಲೆ ಹಾಕುವಾಗ ಮಾಸ್ಟರು ಗೋಡೆಗೆ ಒರಗಿ ಕೂತು ಓರೆಗಣ್ಣಿನಲ್ಲಿ ನೋಡುತ್ತಿದ್ದರು. "ಬಲಗೈ ಸ್ವಲ್ಪ ಬಿಚ್ಚತೈತಿ" ಎಂದು ಒಮ್ಮೆ ಗೊಣಗಿದರಂತೆ. ಚಾಚಿ ತಿರುಗಿಯೂ ನೋಡದೆ, "ರೊಟ್ಟಿ ಬೇಕಂದ್ರ ತಿನ್ನಿ. ನೋ ಬಾಲ್ ಅನ್ನಂಗಿದ್ರ ಹೊರಗ ಹೋಗಿ ಅನ್ನಿ, ರೊಟ್ಟಿ ಒಳಗ ಇರತೈತಿ" ಎಂದರು. ಇಡೀ ಮುಂಬಯಿಯಲ್ಲಿ ಮಾಸ್ಟರು ತಮ್ಮ ತೀರ್ಪನ್ನು ವಾಪಸು ತೆಗೆದುಕೊಂಡದ್ದು ಅದೊಂದೇ ಸಲ.

ಇನ್ನು ನಾನಿದ್ದ ಮನೆಯವರ ಮಗಳ ಮದುವೆಯ ಸಂಗತಿ. ಆಗ ನಾನು ಆಂಟಾಪ್ ಹಿಲ್‌ನ ಸರಕಾರಿ ಕ್ವಾರ್ಟರ್ಸಿನಲ್ಲಿ ದೂರದ ಸಂಬಂಧಿಕರ ಬಾಲ್ಕನಿಯೊಂದರಲ್ಲಿ ಹಾಸಿಗೆ ಹಾಕಿಕೊಂಡಿದ್ದೆ. ಮದುಮಗನ ಸೂಟು ಹೊಲಿದವರು ಮಾಸ್ಟರಾದ್ದರಿಂದ ಅವರಿಗೂ ಕರೆ ಹೋಗಿತ್ತು. ಬಂದವರು ನನ್ನ ಪಕ್ಕದಲ್ಲೇ ನಿಂತರು. ಮುಹೂರ್ತ ಬಂತು, ಓಲಗ ಜೋರಾಯಿತು, ಎಲ್ಲರೂ ಅಕ್ಷತೆ ಎರಚಿದರು. ಮುಂದಿನ ಸಾಲಿನ ಹಿರಿಯರೊಬ್ಬರು ಸ್ವಲ್ಪ ಹುಮ್ಮಸ್ಸಿನಿಂದಲೇ ಎರಚಿದರು ಅನ್ನಿ. ಮಾಸ್ಟರ ಬಲಗೈ ತಾನಾಗಿಯೇ ಅಡ್ಡಕ್ಕೆ ಚಾಚಿಕೊಂಡಿತು. ಅದು ಬಂದು ಬಡಿದದ್ದು ನನ್ನ ಮೂಗಿಗೆ! ಮದುವೆಯ ಫೋಟೋದಲ್ಲಿ ಇವತ್ತಿಗೂ ನಾನು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ನಿಂತಿದ್ದೇನೆ. ನೋಡಿದವರು, ಮೂಗು ಮುಚ್ಚಿದ ಈ ಹುಡುಗನಿಗೆ ಸಂಬಂಧ ಇಷ್ಟವಿರಲಿಲ್ಲವೇನೋ ಎಂದುಕೊಳ್ಳುತ್ತಾರೆ.

ಆದರೆ ಅವರ ಕೀರ್ತಿಯನ್ನು ಚರ್ಚ್‌ಗೇಟಿನಿಂದ ದಾದರದವರೆಗೆ ಹಬ್ಬಿಸಿದ್ದು ಇದ್ಯಾವುದೂ ಅಲ್ಲ. ಮುಂಬಯಿಯ ಮೈದಾನಗಳನ್ನು ನೋಡಿದವರಿಗೆ ಗೊತ್ತು, ಅಲ್ಲಿ ಒಂದೇ ಹೊತ್ತಿಗೆ ಇಪ್ಪತ್ತು ಮ್ಯಾಚು ನಡೆಯುತ್ತವೆ. ಜಾಗ ಎಲ್ಲಿದೆ? ಒಂದರ ಹೊಟ್ಟೆಯೊಳಗೆ ಇನ್ನೊಂದು. ಈ ಮ್ಯಾಚಿನ ಫೀಲ್ಡರ್ ಆ ಮ್ಯಾಚಿನ ಬ್ಯಾಟ್ಸ್‌ಮನ್ನಿಗೆ ಬೆನ್ನು ಹಾಕಿ ನಿಂತಿರುತ್ತಾನೆ. ನಮ್ಮ ಮಾಸ್ಟರು ಒಂದು ಮ್ಯಾಚಿನಲ್ಲಿ ಸ್ಕ್ವೇರ್ ಲೆಗ್ಗಿಗೆ ನಿಂತಿದ್ದಾಗ ಅವರ ಕಣ್ಣು ಹಿಂದಿನ ಮ್ಯಾಚಿನ ಬೌಲರನ ಮೇಲೆ ಬಿತ್ತು. ಅವನ ಮೊಣಕೈಯಲ್ಲಿ ಏನು ಕಂಡಿತೋ, ತಿರುಗಿ ನಿಂತು "ನೋ ಬಾಲ್!" ಎಂದು ಕೂಗಿಯೇಬಿಟ್ಟರು. ಪಕ್ಕದ ಮ್ಯಾಚಿಗೆ!

ಅಲ್ಲಿಯ ಬ್ಯಾಟ್ಸ್‌ಮನ್ನು ಪಾಪ, ನೋ ಬಾಲ್ ತಾನೇ, ಔಟಾಗುವ ಹೆದರಿಕೆ ಇಲ್ಲ ಎಂದು ಕಣ್ಣು ಮುಚ್ಚಿ ಬ್ಯಾಟು ಬೀಸಿದ. ಸ್ಟಂಪು ಮೂರೂ ಹಾರಿದವು. ಅವನು ಹೋಗಲು ಒಪ್ಪಲಿಲ್ಲ, "ಅಂಪೈರ್ ಕೂಗಿದ್ದನ್ನು ಕೇಳಿದ್ದೇನೆ" ಎಂದ. ಆ ಮ್ಯಾಚಿನ ಅಂಪೈರುಗಳು "ನಾವು ಬಾಯಿಯೇ ತೆಗೆದಿಲ್ಲ" ಎಂದರು. ಎರಡು ಮ್ಯಾಚಿನವರೂ, ಸುತ್ತಲಿನ ಇನ್ನೆರಡು ಮ್ಯಾಚಿನವರೂ ಸೇರಿ ಜಾತ್ರೆಯಾಯಿತು. ಆ ಕಡೆಯ ಹಿರಿಯ ಅಂಪೈರ್ ಬಂದು, "ಮಾಸ್ಟರ್, ನಿಮ್ಮ ಮ್ಯಾಚು ಯಾವುದು? ನಮ್ಮದರಲ್ಲಿ ನಿಮಗೇನು ಕೆಲಸ?" ಎಂದು ಹಿಂದಿಯಲ್ಲಿ ದಬಾಯಿಸಿದರು. ಮಾಸ್ಟರು ಕಿಂಚಿತ್ತೂ ನಾಚದೆ ಕೇಳಿದರು, "ಪಕ್ಕದ ಮನೆಯಲ್ಲಿ ಕಳ್ಳ ಹೊಕ್ಕರೆ, ಇದು ನನ್ನ ಮನೆಯಲ್ಲ ಅಂತ ಸುಮ್ಮನೆ ಕೂರುತ್ತೀರಾ?" ಅವತ್ತು ಆಟ ಮತ್ತೆ ಶುರುವಾಗಲು ಮುಕ್ಕಾಲು ಗಂಟೆ ಹಿಡಿಯಿತು. ಅಂದಿನಿಂದ ಅವರಿಗೆ ಮೈದಾನದ ಒಂದು ತುದಿಯ ಮ್ಯಾಚನ್ನೇ ಕೊಡತೊಡಗಿದರು, ಒಂದು ಪಕ್ಕದಲ್ಲಾದರೂ ರಸ್ತೆ ಇರಲಿ ಎಂದು!

ಈಗ ನನ್ನ ಸರದಿ. ಎಪ್ಪತ್ತರ ದಶಕದ ಶುರುವಿನಲ್ಲಿ ನಾನು ಊರಿನಿಂದ ಬಂದು ಒಂದು ಬಣ್ಣದ ಕಂಪನಿಯಲ್ಲಿ ಟೆಂಪರರಿ ಗುಮಾಸ್ತನಾಗಿದ್ದೆ. ಆ ಕೆಲಸ ಸಿಕ್ಕಿದ್ದು ನನ್ನ ಇಂಗ್ಲಿಷಿಗಲ್ಲ, ಟೈಪಿಂಗಿಗಂತೂ ಅಲ್ಲವೇ ಅಲ್ಲ, ಚೆಂಡು ತಿರುಗಿಸುವ ನನ್ನ ಆಫ್ ಸ್ಪಿನ್ನಿಗೆ. ಕಂಪನಿಗೆ ಒಂದು ಕ್ರಿಕೆಟ್ ಟೀಮಿತ್ತು, ಟೀಮಿಗೆ ಒಬ್ಬ ಸ್ಪಿನ್ನರ್ ಬೇಕಿತ್ತು. ಚೆನ್ನಾಗಿ ಆಡಿದರೆ ಪರ್ಮನೆಂಟ್, ಇಲ್ಲವಾದರೆ ವಾಪಸು ಊರಿನ ರೈಲು. ಊರಿನಲ್ಲಿ ನನಗಾಗಿ ಕಾದಿದ್ದದ್ದು ಅಣ್ಣಂದಿರ ಮೂದಲಿಕೆ ಮಾತ್ರ.

ಆಡಲು ಬಿಳಿ ಬಟ್ಟೆ ಬೇಕಿತ್ತು. ನಮ್ಮ ಭಾಷೆಯ ದರ್ಜಿಯೊಬ್ಬರಿದ್ದಾರೆ ಎಂದು ಯಾರೋ ಹೇಳಿದರೆಂದು ಹೋದೆ. ಮಾಸ್ಟರು ಟೇಪು ಹಿಡಿದು ಎಡಗೈ ಅಳೆದರು. ಬಲಗೈ ಅಳೆದರು. ಮತ್ತೆ ಬಲಗೈ ಅಳೆದರು. ಮೂರನೆಯ ಸಲ ಅಳೆದು, ಟೇಪನ್ನು ಕೊರಳಿಗೆ ಹಾಕಿಕೊಂಡು ನಿಂತರು.

"ಈ ಕೈ ಎಲ್ಲಿ ಮುರಕೊಂಡಿ?"

ಥಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡೆ. ಅದು ನಾನು ಕಂಪನಿಯಲ್ಲಿ ಯಾರಿಗೂ ಹೇಳದ ಗುಟ್ಟು. "ಸಣ್ಣಾಂವಿದ್ದಾಗ ಹುಣಸಿ ಗಿಡದಿಂದ ಬಿದ್ದೆರ್ರೀ."

"ಕಟ್ಟಿದವ್ರು ಯಾರು?"

"ಎಲುಬು ಕೂಡ್ಸೋ ನಮ್ಮೂರ ಪೈಲ್ವಾನರು."

"ಕೈ ಕಟ್ಟಿದ್ನೋ, ಕೈ ಜೋಡಿ ಕುಸ್ತಿ ಹಿಡದಿದ್ನೋ? ಪೂರಾ ನೆಟ್ಟಗ ಆಗಂಗಿಲ್ಲಲ್ಲೋ ಇದು!"

ಆಗಲಿಲ್ಲ, ನಿಜ. ನನ್ನ ಬಲಗೈ ಒಂದಿಷ್ಟು ಬಾಗಿಯೇ ಇರುತ್ತಿತ್ತು. ಮೈದಾನದಲ್ಲಿ ಕಂಡವರೆಲ್ಲ ಚಕ್ಕರ್, ಚಕ್ಕರ್ ಎಂದು ಗುಸುಗುಸು ಮಾಡುತ್ತಿದ್ದದ್ದೂ ಅದಕ್ಕೇ. ಈ ಮನುಷ್ಯ ಅಂಪೈರ್ ಎಂದು ಅಷ್ಟರಲ್ಲಿ ಗೋಡೆಯ ಮೇಲಿನ ಬಿಳಿ ಕೋಟು ನೋಡಿ ನನಗೆ ತಿಳಿದಿತ್ತು. ಪ್ಯಾಂಟೂ ಬೇಡ, ಅಂಗಿಯೂ ಬೇಡ, ಓಡಿಬಿಡೋಣ ಎನ್ನಿಸಿತು. ಆದರೆ ಮಾಸ್ಟರು ನನ್ನ ಹೆಗಲು ಹಿಡಿದು ಸ್ಟೂಲಿನ ಮೇಲೆ ಕೂರಿಸಿ ಕಾನೂನು ಹೇಳಿದರು.

"ನೋಡು ತಮ್ಮಾ, ಸೊಟ್ಟ ಇರೋದು ಗುನ್ನಾ ಅಲ್ಲ. ಬಾಲ್ ಬಿಡೋ ಮುಂದ ಇದ್ದಕ್ಕಿದ್ದಂಗ ನೆಟ್ಟಗ ಆಗತೈತಲ್ಲ, ಅದು ಗುನ್ನಾ. ಪೂರಾ ನೆಟ್ಟಗ ಆದ್ರೂ ಗುನ್ನಾ, ಅರ್ಧಾ ಆದ್ರೂ ಗುನ್ನಾ. ನಿಂದು ಸೊಟ್ಟ ಬರತೈತಿ, ಸೊಟ್ಟ ಹೋಗತೈತಿ. ಏನ್ ತಪ್ಪಿಲ್ಲ. ಆದ್ರ ಒಂದ್ ಸಲಾ ನೆಟ್ಟಗ ಆತು ಅಂದ್ರ, ಕೂಗ್ತೀನಿ!"

ಹುಟ್ಟಿದಾಗಿನಿಂದ ಅಪ್ಪ, ಅಣ್ಣಂದಿರು, ಮೇಷ್ಟ್ರು, ಎಲ್ಲರೂ ನನಗೆ ನೆಟ್ಟಗಾಗು, ನೆಟ್ಟಗಾಗು ಎಂದೇ ಹೇಳಿದವರು. ನೆಟ್ಟಗಾದರೆ ಸುಮ್ಮನೆ ಬಿಡುವುದಿಲ್ಲ ಎಂದು ಗದರಿಸಿದವರು ಇವರೊಬ್ಬರೇ!

ಅಲ್ಲಿಂದ ನನ್ನ ವನವಾಸ ಶುರು. ಮೊದಲನೆಯದಾಗಿ, ತುಂಬುತೋಳಿನ ಅಂಗಿ ಹೊಲಿದು ಕೊಡಲಿಲ್ಲ. ಆಡಲು ತುಂಬುತೋಳು ಬೇಕೆನ್ನುವವರು ಮೊಣಕೈ ಮುಚ್ಚಿಡುವ ಕಳ್ಳರು ಎಂಬುದು ಅವರ ಸಿದ್ಧಾಂತ. ಎರಡನೆಯದಾಗಿ, ಒಂದು ಪ್ರಾಕ್ಟೀಸ್ ತೋಳು ಹೊಲಿದರು. ಕಾಲರಿನೊಳಗೆ ಗಟ್ಟಿಯಾಗಿ ನಿಲ್ಲಲೆಂದು ಬಕ್ರಂ ಎಂಬ ಬಿರುಸು ಬಟ್ಟೆ ಇಡುತ್ತಾರಲ್ಲ, ಅದನ್ನು ನಾಲ್ಕು ಪದರ ಮಾಡಿ, ನನ್ನ ಕೈಯ ಸೊಟ್ಟಕ್ಕೆ ಸರಿಯಾಗಿ ಕತ್ತರಿಸಿ, ಕಂಕುಳಿಂದ ಮುಂಗೈವರೆಗೆ ಕಟ್ಟುವ ಹಾಗೆ ಮಾಡಿದರು. ಅದನ್ನು ತೊಟ್ಟರೆ ಮೊಣಕೈ ಮಡಚುವಂತೆಯೂ ಇಲ್ಲ, ಬಿಚ್ಚುವಂತೆಯೂ ಇಲ್ಲ. ಬೆಳಗಿನ ಪ್ರಾಕ್ಟೀಸಿಗೆ ಅದನ್ನು ಆಂಟಾಪ್ ಹಿಲ್‌ನಲ್ಲೇ ತೊಟ್ಟು ಹೊರಡಬೇಕೆಂದು ಅಪ್ಪಣೆಯಾಯಿತು.

ಲೋಕಲ್ ರೈಲಿನಲ್ಲಿ ನನ್ನ ಅವಸ್ಥೆ ಊಹಿಸಿ! ಕೈ ಮೇಲಕ್ಕೆತ್ತಿದರೆ ಮುಂದಿನವನ ಟೊಪ್ಪಿಗೆ ಬಡಿಯುತ್ತಿತ್ತು. ಕೆಳಗಿಳಿಸಿದರೆ ಪಕ್ಕದವನ ಡಬ್ಬಿಗೆ ಸಿಕ್ಕಿಕೊಳ್ಳುತ್ತಿತ್ತು. ಮುಂದೆ ಚಾಚಿದರೆ ಯಾರೋ ಅದರ ಮೇಲೆ ಕೊಡೆ ನೇತುಹಾಕಿದರು. ಕೊನೆಗೆ ಒಬ್ಬ ಮರಾಠಿ ಅಜ್ಜಿ, "ಅಯ್ಯೋ ಬಾಳಾ, ಪ್ಲಾಸ್ಟರ್ ಹಾಕಿದ್ದಾರಾ?" ಎಂದು ಎದ್ದು ನನಗೆ ಸೀಟು ಬಿಟ್ಟುಕೊಟ್ಟಳು. ಮುಂಬಯಿಯ ಲೋಕಲ್ಲಿನಲ್ಲಿ ಇನ್ನೊಬ್ಬರು ನನಗಾಗಿ ಎದ್ದು ನಿಂತದ್ದು ಅದೇ ಮೊದಲು, ಅದೇ ಕೊನೆ. ನಾಚಿಕೆಯಿಂದ ಕುಳಿತೆ ಅಂದುಕೊಂಡಿರಾ? ಇಲ್ಲ, ನಿಜವಾಗಿಯೂ ಖುಷಿಯಿಂದ ಕುಳಿತೆ.

ಬಕ್ರಂ ತೋಳಿನ ಆ ಹಿಂಸೆಯನ್ನು ಎರಡು ಮಳೆಗಾಲ ಅನುಭವಿಸಿದೆ. ಎಷ್ಟು ಸಲ ಸಿಟ್ಟು ಬಂತು, ಎಷ್ಟು ಸಲ ಅದನ್ನು ಹಳಿಯ ಮೇಲೆ ಬಿಸಾಡಬೇಕೆನ್ನಿಸಿತು! ಆದರೆ ಒಪ್ಪಿಕೊಳ್ಳಲೇಬೇಕು, ನನ್ನ ಬೌಲಿಂಗ್ ಹದಕ್ಕೆ ಬಂತು. ವಿಕೆಟ್ ಬೀಳತೊಡಗಿದವು. ಕಂಪನಿಯ ಸ್ಪೋರ್ಟ್ಸ್ ಸೆಕ್ರೆಟರಿ ನನ್ನ ಬೆನ್ನು ತಟ್ಟಿ, "ಈ ಸೀಸನ್ ಮುಗಿಯಲಿ, ಪರ್ಮನೆಂಟ್ ಲೆಟರ್ ಟೈಪ್ ಮಾಡಿಸುತ್ತೇನೆ" ಎಂದರು.

ಆ ಸೀಸನ್ನಿನ ಕೊನೆಯ ಮ್ಯಾಚು ಒಂದು ಬ್ಯಾಂಕಿನ ಟೀಮಿನ ಜೊತೆ. ಮಳೆ ನಿಂತು ಎರಡು ದಿನವಾಗಿತ್ತಷ್ಟೇ, ಪಿಚ್ಚು ಕಲಸಿದ ಹಿಟ್ಟಿನಂತಿತ್ತು. ಅಂಪೈರುಗಳಲ್ಲಿ ಒಬ್ಬರು ನಮ್ಮ ಮಾಸ್ಟರು. ರಮಜಾನಿನ ತಿಂಗಳು ಬೇರೆ, ಬೆಳಿಗ್ಗೆಯಿಂದ ಒಂದು ಗುಟುಕು ನೀರೂ ಇಲ್ಲದೆ ನಿಂತಿದ್ದರು. ನಾನು ಇಡೀ ದಿನ ಒಂದೇ ತುದಿಯಿಂದ ಬೌಲ್ ಮಾಡಿದೆ. ನನ್ನ ಪ್ರತಿಯೊಂದು ಬಾಲಿಗೂ ಮಾಸ್ಟರು ಸ್ಕ್ವೇರ್ ಲೆಗ್ಗಿನಲ್ಲೇ ಇದ್ದರು. ಐದು ವಿಕೆಟ್ ಬಿದ್ದವು. ಸಂಜೆಯಾಗುತ್ತ ಬಂದಾಗ ಬ್ಯಾಂಕಿನವರಿಗೆ ಗೆಲ್ಲಲು ಮೂರು ರನ್ ಬೇಕು, ಉಳಿದದ್ದು ಒಂದೇ ವಿಕೆಟ್. ಬಾಲು ನನ್ನ ಕೈಯಲ್ಲಿ.

ಇನ್ನು ಮುಂದಿನದನ್ನು ಹೇಳಲು ನನಗೆ ಧೈರ್ಯ ಬಂದಿರುವುದು ಕಂಪನಿಯಿಂದ ರಿಟೈರ್ ಆದ ಮೇಲೆಯೇ. ಸ್ಪಿನ್ನು ಆಡಿ ಆಡಿ ಆ ಬ್ಯಾಟ್ಸ್‌ಮನ್ನಿಗೆ ನನ್ನ ಕೈ ಪರಿಚಯವಾಗಿಹೋಗಿತ್ತು. ಒಂದೇ ಒಂದು ವೇಗದ ಬಾಲು ಬೇಕು, ಅಷ್ಟೇ. ಮಾಸ್ಟರ ಕಡೆ ಒಮ್ಮೆ ನೋಡಿದೆ. ಉಪವಾಸದ ಮನುಷ್ಯ, ತುಟಿ ಒಣಗಿತ್ತು, ತಲೆ ತುಸು ಬಾಗಿತ್ತು. ಈ ಹೊತ್ತಿನಲ್ಲಿ ಇವರಿಗೆ ಏನು ಕಾಣುತ್ತದೆ ಎಂದುಕೊಂಡೆ. ಹೌದು, ಹಾಗೇ ಎಂದುಕೊಂಡೆ! ಓಡಿಬಂದು, ಸೊಟ್ಟ ಕೈಯನ್ನು ಇನ್ನಷ್ಟು ಮಡಚಿ, ಫಟ್ಟನೆ ಬಿಚ್ಚಿ ಒಗೆದೆ. ನಡುವಿನ ಸ್ಟಂಪು ಕಿತ್ತುಕೊಂಡು ಹೋಗಿ ದೂರ ಬಿತ್ತು. ನಮ್ಮವರು ಹುಚ್ಚೆದ್ದು ಕುಣಿದರು, ಕ್ಯಾಪ್ಟನ್ ನನ್ನನ್ನು ಎತ್ತಿಕೊಂಡ. ಎತ್ತಿಕೊಂಡಿದ್ದ ಅವನ ಹೆಗಲ ಮೇಲಿಂದಲೇ ನನಗೆ ಕಂಡಿತು, ಮಾಸ್ಟರ ಬಲಗೈ ಅಡ್ಡಕ್ಕೆ ಚಾಚಿತ್ತು. ಅವರು ಕೂಗಿದ್ದು ಆ ಗದ್ದಲದಲ್ಲಿ ನಮಗೆ ಕೇಳಿಸಿಯೇ ಇರಲಿಲ್ಲ!

ಮುಂದಿನ ಬಾಲಿಗೆ ಆ ಬ್ಯಾಟ್ಸ್‌ಮನ್ ಬೌಂಡರಿ ಹೊಡೆದ. ನಾವು ಸೋತೆವು.

ಸೋತದ್ದು ಅಲ್ಲಿಗೆ ಮುಗಿಯಲಿಲ್ಲ. ಬ್ಯಾಂಕಿನ ಕ್ಯಾಪ್ಟನ್ನು ಇದೇ ಸಮಯವೆಂದು, ನಾನು ಮೊದಲಿನಿಂದ ಕೊನೆಯವರೆಗೂ ಒಗೆದಿದ್ದೇನೆ, ನನ್ನ ಕೈಯೇ ಸೊಟ್ಟ ಎಂದು ಅಸೋಸಿಯೇಶನ್ನಿಗೆ ದೂರು ಬರೆದ. ಮಾಸ್ಟರೂ ಕಾನೂನಿನ ಪ್ರಕಾರ ತಮ್ಮ ರಿಪೋರ್ಟು ಕಳಿಸಿದರು. ಸ್ಪೋರ್ಟ್ಸ್ ಸೆಕ್ರೆಟರಿ ನನ್ನನ್ನು ಕರೆದು ತಣ್ಣಗೆ ಹೇಳಿದರು, "ಕಮಿಟಿ ನಿನ್ನನ್ನು ಚಕ್ಕರ್ ಎಂದು ತೀರ್ಮಾನಿಸಿದರೆ ನೀನು ಆಡುವಂತಿಲ್ಲ. ಆಡದಿದ್ದರೆ ನಿನಗಿಂತ ಚೆನ್ನಾಗಿ ಟೈಪ್ ಮಾಡುವವರು ಹೊರಗೆ ನೂರು ಜನ ನಿಂತಿದ್ದಾರೆ."

ನನ್ನ ಸಿಟ್ಟು ಹೇಗಿತ್ತು ಕೇಳುತ್ತೀರಾ? ಮೈಯೆಲ್ಲ ಉರಿದುಹೋಯಿತು. ತಪ್ಪು ಮಾಡಿದವನು ನಾನೇ ಎಂಬುದು ಗೊತ್ತಿದ್ದರಿಂದ ಉರಿ ಎರಡು ಪಟ್ಟಾಯಿತು. ನೂರು ಜನ ನೋಡುತ್ತಿದ್ದರು, ಇನ್ನೊಬ್ಬ ಅಂಪೈರ್ ಇದ್ದ, ಯಾರಿಗೂ ಕಾಣಲಿಲ್ಲ. ಈ ಪುಣ್ಯಾತ್ಮನಿಗೇ ಕಾಣಬೇಕಿತ್ತೆ? ಕಂಡರೂ ಒಂದು ಸಲ ಮೋಡ ನೋಡಿದ್ದರೆ ಇವರ ಗಂಟು ಏನು ಹೋಗುತ್ತಿತ್ತು? ಹತ್ತು ದಿನ ನಾನು ಆ ಗಲ್ಲಿಯ ಕಡೆ ಕಾಲಿಡಲಿಲ್ಲ. ಬಕ್ರಂ ತೋಳನ್ನು ಬಾಲ್ಕನಿಯ ಮೂಲೆಗೆ ಒಗೆದೆ.

ವಿಚಾರಣೆ ಒಂದು ಕ್ಲಬ್ಬಿನ ಮೇಲಂತಸ್ತಿನಲ್ಲಿ, ಮಧ್ಯಾಹ್ನ. ಉದ್ದ ಮೇಜಿನ ಹಿಂದೆ ಮೂವರು ಹಿರಿಯರು ಕುಳಿತಿದ್ದರು. ಒಂದು ಬದಿಗೆ ನಮ್ಮ ಸೆಕ್ರೆಟರಿ, ಇನ್ನೊಂದು ಬದಿಗೆ ಬ್ಯಾಂಕಿನ ಕ್ಯಾಪ್ಟನ್. ನನಗೆ ಕೈ ಚಾಚಿ ತೋರಿಸು ಎಂದರು. ಚಾಚಿದೆ. ಬಾಗಿದ ಕೈ ನೋಡಿ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಕಥೆ ಮುಗಿಯಿತೆಂದು ನನಗೆ ಅಲ್ಲೇ ಗೊತ್ತಾಯಿತು. ಅಷ್ಟರಲ್ಲಿ ಅಂಪೈರನ್ನು ಕರೆದರು.

ಮಾಸ್ಟರು ಬಂದರು. ಅಂಗಿಯ ತುಂಬ ದಾರದ ಎಳೆಗಳು, ಕಿವಿಯ ಮೇಲೆ ಗುರುತು ಹಾಕುವ ಪೆನ್ಸಿಲು, ಕಣ್ಣು ಕೆಂಪು. ನನ್ನ ಕಡೆ ನೋಡಲಿಲ್ಲ. ಅಧ್ಯಕ್ಷರು ಕೇಳಿದರು, "ನೀವು ಇವನಿಗೆ ನೋ ಬಾಲ್ ಕೂಗಿದ್ದು ನಿಜವೋ?"

"ನಿಜ ಸಾಹೇಬ್."

"ಅಂದರೆ ಇವನು ಚಕ್ಕರ್."

"ಸಾಹೇಬ್, ಇವನು ಹಾಕಿದ್ದು ನೂರಾ ಹದಿಮೂರು ಬಾಲ್. ಎಲ್ಲವನ್ನೂ ನಾನೇ ಪಕ್ಕದಿಂದ ನೋಡಿದ್ದೇನೆ. ಒಂದನ್ನು ಒಗೆದ, ಕೂಗಿದೆ. ನೂರಾ ಹನ್ನೆರಡನ್ನು ಕೂಗಿಲ್ಲ. ಕೂಗಿದ್ದನ್ನು ಬರೆದುಕೊಂಡಿರಿ. ಕೂಗದೇ ಇದ್ದದ್ದನ್ನೂ ಬರೆದುಕೊಳ್ಳಿ."

ಬ್ಯಾಂಕಿನ ಕ್ಯಾಪ್ಟನ್ ಎದ್ದು, "ಕೈ ಸೊಟ್ಟ ಇರುವುದು ಕಣ್ಣಿಗೆ ಕಾಣುವುದಿಲ್ಲವೇ?" ಎಂದ. ಮಾಸ್ಟರು ಅವನ ಮೊಣಕೈ ನೋಡಿ, "ಸೊಟ್ಟ ಇರೋದಕ್ಕೆ ಕಾನೂನಿನಲ್ಲಿ ಶಿಕ್ಷೆ ಇಲ್ಲ ಸಾಹೇಬ್. ಶಿಕ್ಷೆ ಕೊಡೋದೇ ಆದರೆ ಮುರಿದ ಈ ಕೈ ಕಟ್ಟಿದ ಇವನ ಊರಿನ ಪೈಲ್ವಾನನಿಗೆ ಕೊಡಿ" ಎಂದರು. ಅಧ್ಯಕ್ಷರು ಗಟ್ಟಿಯಾಗಿ ನಕ್ಕುಬಿಟ್ಟರು. ಆಮೇಲೆ ಉಳಿದಿಬ್ಬರ ಕಡೆ ತಿರುಗಿ ಹೇಳಿದರು, "ನಾಲ್ಕು ವರ್ಷದ ಹಿಂದೆ ಈ ಮನುಷ್ಯ ನನ್ನ ಸ್ವಂತ ಮಗನಿಗೆ ಒಂದೇ ಓವರಿನಲ್ಲಿ ಮೂರು ಸಲ ನೋ ಬಾಲ್ ಕೂಗಿದ್ದಾನೆ. ಇವನು ನೂರಾ ಹನ್ನೆರಡು ಸಲ ಸುಮ್ಮನಿದ್ದ ಅಂದರೆ ನಾವು ನೋಡುವುದಕ್ಕೆ ಇನ್ನೇನೂ ಇಲ್ಲ." ಎಚ್ಚರಿಕೆ ಕೊಟ್ಟು ನನ್ನನ್ನು ಬಿಟ್ಟರು. ಸೆಕ್ರೆಟರಿ ಹೊರಗೆ ಬಂದು, ಸೋಮವಾರ ಆಫೀಸಿನಲ್ಲಿ ಬಂದು ನೋಡು ಎಂದರು. ಅವರ ದನಿಯಲ್ಲೇ ನನಗೆ ಲೆಟರ್ ಕಾಣಿಸಿತು.

ವಾಪಸು ಲೋಕಲ್ಲಿನಲ್ಲಿ ಇಬ್ಬರೂ ಬಾಗಿಲ ಹತ್ತಿರ ನಿಂತಿದ್ದೆವು. ಕೃತಜ್ಞತೆ ಹೇಳಬೇಕೆಂದು ಬಾಯಿ ತೆರೆದರೆ ಹೊರಗೆ ಬಂದದ್ದು ಜಗಳವೇ.

"ಇಷ್ಟೆಲ್ಲಾ ಮಾಡೋ ಬದ್ಲು ಆ ಒಂದ್ ಬಾಲ್ ಬಿಟ್ಟಿದ್ರ ಆಗ್ತಿದ್ದಿಲ್ಲೇನ್ರೀ? ಯಾರಿಗೂ ಕಂಡಿದ್ದಿಲ್ಲ!"

"ಅದನ್ನ ಬಿಟ್ಟಿದ್ರ ಉಳಿದ ನೂರಾ ಹನ್ನೆರಡಕ್ಕ ನಾ ಯಾವ ಬಾಯಲೆ ಸಾಕ್ಷಿ ಹೇಳ್ತಿದ್ದೆ, ಹುಚ್ಚಪ್ಪ?" ಎಂದರು ಮಾಸ್ಟರು. ಎಂದವರು, ಬೈಕುಲ್ಲಾ ಬಂತೆಂದು ಗಾಡಿ ನಿಲ್ಲುವ ಮೊದಲೇ ಇಳಿದು ದಡಬಡ ನಡೆದರು. ಇವರಿಗೇನು ಇಷ್ಟು ಅವಸರ ಎಂದು ಬೈದುಕೊಳ್ಳುತ್ತ ನಾನೂ ಹಿಂದೆ ಹೋದೆ.

ಗಲ್ಲಿಗೆ ತಿರುಗಿದಾಗ ನನಗೆ ಅರ್ಥವಾಯಿತು. ಈದಿಗೆ ಉಳಿದದ್ದು ನಾಲ್ಕೇ ದಿನ! ದರ್ಜಿಗಳಿಗೆ ವರ್ಷದಲ್ಲಿ ಇದೊಂದೇ ವಾರ. ಊಟ ನಿದ್ದೆ ಬಿಟ್ಟು ಹೊಲಿಯುವ ವಾರ. ಈ ವಾರ ಕೊಟ್ಟ ಮಾತು ತಪ್ಪಿದರೆ ಗಿರಾಕಿ ಮತ್ತೆ ಜನ್ಮದಲ್ಲಿ ಆ ಮೆಟ್ಟಿಲು ಹತ್ತುವುದಿಲ್ಲ. ಅಂಥ ವಾರದ ನಟ್ಟನಡು ಹಗಲಿನಲ್ಲಿ ಮಾಸ್ಟರ ಅಂಗಡಿಗೆ ಬೀಗ ಜಡಿದಿತ್ತು. ಮುಂದೆ ಹದಿನೈದಿಪ್ಪತ್ತು ಜನ ನಿಂತು, ಮಕ್ಕಳ ಕುರ್ತಾ ಎಲ್ಲಿ, ನಮ್ಮ ಶೇರ್ವಾನಿ ಎಲ್ಲಿ ಎಂದು ಬಾಗಿಲು ಬಡಿಯುತ್ತಿದ್ದರು. ಮುದುಕರೊಬ್ಬರಂತೂ ಮಾಸ್ಟರ ತೋಳು ಹಿಡಿದು ಅಲ್ಲಾಡಿಸಿ, "ಬೆಳಿಗ್ಗೆಯಿಂದ ಅಂಗಡಿ ಮುಚ್ಚಿ ಎಲ್ಲಿ ಸತ್ತಿದ್ದೆಯೋ?" ಎಂದು ಹಿಂದಿಯಲ್ಲಿ ಕಿರುಚಿದರು.

ಮಾಸ್ಟರು ತಲೆ ತಗ್ಗಿಸಿ ಬೀಗ ತೆಗೆಯುತ್ತ, "ಮಾಫ್ ಕರೋ ಚಾಚಾ, ಘರ್ ಕೇ ಲಡಕೇ ಕಾ ಕೇಸ್ ಥಾ" ಎಂದರು.

ನಮ್ಮ ಮನೆಯ ಹುಡುಗನದೊಂದು ಕೇಸು ಇತ್ತು! ನನ್ನನ್ನು ಹಾಗೆ ಯಾರೂ ಕರೆದಿರಲಿಲ್ಲ. ಆಂಟಾಪ್ ಹಿಲ್‌ನ ಸಂಬಂಧಿಕರಿಗೆ ನಾನು ಬಾಲ್ಕನಿಯ ಹುಡುಗ, ಕಂಪನಿಗೆ ಟೆಂಪರರಿ, ಊರಿಗೆ ಸೊಟ್ಟ ಕೈಯವನು. ಹತ್ತು ದಿನ ನಾನು ಈ ಮನುಷ್ಯನನ್ನು ಮನಸ್ಸಿನಲ್ಲಿ ಬೈದಿದ್ದೆ. ಚಪ್ಪಲಿ ಬಿಟ್ಟು ಒಳಗೆ ಹೋಗಿ ಮಾಸ್ಟರ ಮಷಿನ್ನಿನ ಪಕ್ಕ ನೆಲದ ಮೇಲೆ ಕುಳಿತೆ. ಅವರು ಒಂದು ರಾಶಿ ಕುರ್ತಾಗಳನ್ನೂ ಗುಂಡಿಯ ಡಬ್ಬಿಯನ್ನೂ ನನ್ನ ಮಡಿಲಿಗೆ ಹಾಕಿದರು. ಸೂಜಿಗೆ ದಾರ ಪೋಣಿಸಲು ಹೋದೆ. ಕಣ್ಣು ತುಂಬಿಕೊಂಡಿದ್ದರಿಂದ ಮೂರು ಸಲ ತಪ್ಪಿತು. ನಾಲ್ಕನೆಯ ಸಲ ಮಾಸ್ಟರೇ ಬಗ್ಗಿ ಪೋಣಿಸಿಕೊಟ್ಟರು.